ದ್ವೀಪವಾಸದ ವ್ಯಾಮೋಹವೂ ಹೊಳೆಯ ಲೆಕ್ಕವೂ

ಪರೀಕ್ಷೆಗಳು ಮುಗಿದು ಶಾಲೆಗಳಿಗೆ ರಜೆ ಬಂದೊಡನೆ ದಾವಣಗೆರೆ, ಹರಿಹರಗಳ ಅನುಕೂಲಸ್ಥರಲ್ಲಿ ಅನೇಕರು ಸಮುದ್ರದ ಕಡೆಗೆ ಮುಖ ಮಾಡುವುದು ಈಚೆಗೆ ರೂಢಿಯಾಗಿದೆ. ಹಿಂದೆ ಧರ್ಮಸ್ಥಳ, ಗೋಕರ್ಣಗಳ ಯಾತ್ರೆಯನ್ನು ಮುಗಿಸಿಕೊಂಡು, ಕಡಲಿನಲ್ಲಿ ಕಾಲು ತೊಳೆದು ಬಂದರೆ ಸಾಕೆಂದಿದ್ದ ಮನೆತನದವರೇ ಈಗ ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್‌ಗಳ ಹೆಸರನ್ನು ಮನೆಮಾತಾಗಿ ಆಡುತ್ತಿರುವರು. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಹೋಗಿಬಂದು, ಮಾಲ್ಡೀವ್ಸಿನ ಕೆಲವು ಉಪಸಚಿವರು ಅದನ್ನು ಕುರಿತು ಹಗುರವಾಗಿ ಮಾತನಾಡಿದ ಮೇಲಂತೂ, ಪರದೇಶದ ದ್ವೀಪವನ್ನು ಬಿಟ್ಟು ಸ್ವದೇಶದ ದ್ವೀಪಕ್ಕೆ ಹೋಗುವುದೇ ದೇಶಾಭಿಮಾನವೆಂಬ ಭಾವನೆಯೂ ಹರಡಿತು. ದೇಶಸಂಚಾರವನ್ನು ನಾವು ಎಂದೂ ಹಳಿದವರಲ್ಲ. ವರುಷವೆಲ್ಲ ಅಂಗಡಿಯ ಗಲ್ಲಾ, ಕಚೇರಿಯ ಕಡತಗಳ ನಡುವೆ ಬಾಳುವವನು ನಾಲ್ಕು ದಿನ ತೆರೆಗಳ ಸದ್ದನ್ನು ಕೇಳಿ ಬಂದರೆ ಅದರಲ್ಲಿ ತಪ್ಪೇನು? ಆದರೆ ಈ ದ್ವೀಪಗಳ ವಿಶ್ರಾಂತಿಧಾಮಗಳ ಪ್ರಕಟನೆಗಳಲ್ಲೆಲ್ಲ ತಪ್ಪದೆ ಕಾಣಬರುವ ‘ಪರಿಸರಸ್ನೇಹಿ’ ಎಂಬ ವಿಶೇಷಣವನ್ನು ಮಾತ್ರ ನಾವು ಸುಮ್ಮನೆ ಒಪ್ಪಿಕೊಳ್ಳಲಾರೆವು.

ನಮ್ಮ ಮಿತ್ರರೊಬ್ಬರು ಇಂತಹ ಒಂದು ದ್ವೀಪದ ರಿಸಾರ್ಟಿನಲ್ಲಿ ಕುಟುಂಬಸಮೇತರಾಗಿ ನಾಲ್ಕು ದಿನ ಇದ್ದು ಬಂದರು. ಹಲ್ಲುಜ್ಜುವ ಬ್ರಷ್ಷು ಬಿದಿರಿನದು. ಎಳನೀರಿಗೆ ಇಟ್ಟ ಕೊಳವೆ ಕಾಗದದ್ದು. ಹಾಸಿಗೆಯ ಮೇಲೆ ಒಂದು ಚೀಟಿ, ಟವೆಲನ್ನು ದಿನವೂ ಒಗೆಯಲು ಹಾಕದೆ ನೀರನ್ನು ಉಳಿಸಬೇಕೆಂದು ಪ್ರಾರ್ಥನೆ. ಇಷ್ಟೆಲ್ಲ ಇದ್ದೂ ಕಡಲಿಗೆ ಐವತ್ತು ಹೆಜ್ಜೆ ದೂರದಲ್ಲಿ ಸಿಹಿನೀರಿನ ಈಜುಕೊಳ ತುಂಬಿ ತುಳುಕುತ್ತಿತ್ತು. ಅಡುಗೆಮನೆಯ ಹಿಂದೆ ಡೀಸೆಲ್ ಯಂತ್ರ ರಾತ್ರಿಯೆಲ್ಲ ಓಡುತ್ತಿತ್ತು. ಬಚ್ಚಲ ನೀರು, ಪಾಯಿಖಾನೆಯ ನೀರು ಎಲ್ಲಿಗೆ ಹೋಗುವುದೆಂದು ನಮ್ಮ ಮಿತ್ರರು ಕೇಳಿದರಂತೆ. ‘ಎಲ್ಲಾ ವ್ಯವಸ್ಥೆ ಇದೆ ಸಾರ್’ ಎಂದು ನಗುಮೊಗದ ತರುಣ ವ್ಯವಸ್ಥಾಪಕನು ಉತ್ತರ ಕೊಟ್ಟನಂತೆ. ಆ ‘ಎಲ್ಲಾ ವ್ಯವಸ್ಥೆ’ ಯಾವುದೆಂಬುದೇ ಇಲ್ಲಿರುವ ಪ್ರಶ್ನೆ.

ಹವಳದ ದ್ವೀಪದಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿನ ಭಾರವಾದ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲಿಕೊಂಡಿರುತ್ತದೆ. ದ್ವೀಪದವರ ಬಾವಿಗಳಲ್ಲಿ ಬರುವುದು ಈ ನೀರೇ. ಅದನ್ನು ಕೊಡದಿಂದ ಸೇದಿದರೆ ಮುಂದಿನ ಮಳೆ ತುಂಬಿಕೊಡುತ್ತದೆ. ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಬೇಗನೆ ಸಿಹಿಯಾಗುವುದಿಲ್ಲ. ಅದೇ ಮರಳಿನಲ್ಲಿ ಶೌಚದ ಗುಂಡಿಯನ್ನೂ ತೋಡಿದರೆ ಎರಡೂ ನೀರು ಒಂದಾಗುವುದಕ್ಕೆ ಬಹಳ ದಿನ ಬೇಕಾಗಿಲ್ಲ. ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಅಲ್ಲಿನ ಜನ 64,473. ಎಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಮೇಲೆ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ಮೇಲ್ನೀರಿನ ಬಿಸುಪು, ಆಳದ ನೀರಿನ ತಂಪು ಇವುಗಳ ಅಂತರವನ್ನೇ ಬಳಸಿ ದಿನಕ್ಕೆ ಒಂದು ಲಕ್ಷ ಲೀಟರು ಸಿಹಿನೀರು ತೆಗೆಯುವ ಸ್ಥಾವರವನ್ನು ನಮ್ಮ ದೇಶದ ವಿಜ್ಞಾನಿಗಳು ನಿಲ್ಲಿಸಿದರು. ಹೆಮ್ಮೆಪಡತಕ್ಕ ಕೆಲಸವದು. ಆದರೆ ಅದು ದ್ವೀಪದ ನಿವಾಸಿಗಳ ಬಾಯಾರಿಕೆಗೆಂದು ಆದದ್ದೇ ಹೊರತು ಅತಿಥಿಗಳ ಈಜುಕೊಳಕ್ಕೆಂದು ಆದದ್ದಲ್ಲ.

ಈ ದ್ವೀಪಗಳು ನಮಗೆ ಅಪರಿಚಿತವೂ ಅಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಅಮೀನದೀವಿಗಳು 1956ರ ನವೆಂಬರ್ 1ರಂದು ಕೇಂದ್ರಾಡಳಿತಕ್ಕೆ ಸೇರುವವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನ ಕಲೆಕ್ಟರರ ಆಡಳಿತದಲ್ಲಿದ್ದುವು. ಅದೇ ಕಡಮತ್ತಿನಲ್ಲಿ ದೊಡ್ಡ ಹೋಟೆಲು ಕಟ್ಟುವ ಸಂಗತಿ 2023ರಲ್ಲಿ ಪ್ರಕಟವಾಯಿತು. ದ್ವೀಪದ ನೆಲವನ್ನು ಅಭಿವೃದ್ಧಿಗೆಂದು ವಶಪಡಿಸಿಕೊಳ್ಳಲು ಎಡೆಗೊಡುವ ಕರಡು ಕಟ್ಟಳೆ 2021ರಲ್ಲಿ ಹೊರಬಿದ್ದಾಗ ಅಲ್ಲಿನ ಜನ ಅದನ್ನು ಎಷ್ಟು ಪ್ರಬಲವಾಗಿ ವಿರೋಧಿಸಿದರೆಂಬುದನ್ನು ವಾಚಕರು ಮರೆತಿರಲಾರರು. ಆ ಜನ ಅತಿಥಿಗಳ ವೈರಿಗಳಲ್ಲ. ತಮ್ಮ ಬಾವಿಯನ್ನೂ ತೆಂಗಿನ ಬುಡವನ್ನೂ ಕಾಪಾಡಿಕೊಳ್ಳಲು ಹೊರಟವರು. ನಮ್ಮ ಭದ್ರಾ ನಾಲೆಯ ಕೊನೆಯ ಭಾಗದ ರೈತನಿಗೆ ಈ ಆತಂಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾಯಿದೆಯಿಲ್ಲವೆಂದು ಯಾರೂ ಹೇಳುವಂತಿಲ್ಲ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಟದ್ದು 1991ರಲ್ಲಿ. ಅದಾದ ಮೇಲೂ ಕೇರಳದ ವೇಂಬನಾಡು ಹಿನ್ನೀರಿನ ನೆಡಿಯತುರುತ್ ಎಂಬ ಸಣ್ಣ ದ್ವೀಪದಲ್ಲಿ 54 ವಿಲ್ಲಾಗಳ ಭಾರಿ ರಿಸಾರ್ಟು ಎದ್ದಿತು. ನೀರಿನಲ್ಲಿ ಗೂಟ ನೆಟ್ಟು ಬಲೆ ಕಟ್ಟಿ ಜೀವಿಸುವ ಬೆಸ್ತರು ನ್ಯಾಯಾಲಯಕ್ಕೆ ಹೋದರು. 2013ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಕಟ್ಟಡವನ್ನು ಕೆಡವಬೇಕೆಂದಿತು; 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎತ್ತಿಹಿಡಿಯಿತು; ಕೆಡವುವ ಕೆಲಸ ಆರಂಭವಾದದ್ದು 2022ರಲ್ಲಿ. ಬಡವರಿಗೆ ನ್ಯಾಯ ದೊರಕಿತೆಂದು ಸಂತೋಷಪಡಬಹುದು. ಆದರೆ ಅಡಿಪಾಯ ತೋಡುವ ದಿನವೇ ಒಬ್ಬ ಅಧಿಕಾರಿ ಹೋಗಿ ‘ನಿಲ್ಲಿಸಿ’ ಎಂದಿದ್ದರೆ ಆಗುತ್ತಿದ್ದ ಕೆಲಸಕ್ಕೆ ಇಷ್ಟು ವರುಷ ಹಿಡಿಯಿತಲ್ಲ! ಫಿಲಿಪೈನ್ಸ್ ಸರಕಾರವು ಬೊರಾಕೇ ದ್ವೀಪದ ಸಮುದ್ರಕ್ಕೆ ಹೋಟೆಲುಗಳ ಕೊಳೆನೀರು ಸೇರುತ್ತಿರುವುದನ್ನು ಕಂಡು 2018ರಲ್ಲಿ ಇಡೀ ದ್ವೀಪವನ್ನೇ ಆರು ತಿಂಗಳು ಪ್ರವಾಸಿಗಳಿಗೆ ಮುಚ್ಚಿಬಿಟ್ಟಿತು. ಅಲ್ಲಿ ಕೂಲಿ ಮಾಡುತ್ತಿದ್ದವರಿಗೆ ಅದರಿಂದ ಆದ ಕಷ್ಟ ಸಣ್ಣದಲ್ಲ. ಮೊದಲೇ ಲೆಕ್ಕ ಕೇಳದೆ ಇದ್ದುದರ ದಂಡವನ್ನು ತೆತ್ತವರು ಅವರೇ.

ನಮ್ಮ ನಾಡಿನ ಕರಾವಳಿಯ ಸರದಿಯೂ ಬಂದಿದೆ. ಕಾಳಿ ನದಿ ಕಡಲನ್ನು ಸೇರುವಲ್ಲಿ ದೇವಬಾಗದ ಗಾಳಿಮರಗಳ ತೋಪು, ಅದರಾಚೆ ನರಸಿಂಹದೇವರ ಜಾತ್ರೆಗೆ ದೋಣಿಗಳು ಸಾಲುಗಟ್ಟುವ ಕೂರ್ಮಗಡ, ಮುರುಡೇಶ್ವರದಾಚೆ ಹವಳವಿರುವ ನೇತ್ರಾಣಿ, ಮಲ್ಪೆಯೆದುರಿನ ಕಂಬಗಲ್ಲುಗಳ ಸೇಂಟ್ ಮೇರಿ ದ್ವೀಪ ಇವೆಲ್ಲ ಪ್ರವಾಸಿಗಳನ್ನು ಸೆಳೆಯುವ ಸ್ಥಳಗಳು. ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ‘ನೀಲಿ ಬಾವುಟ’ದ ಮನ್ನಣೆ ದೊರೆತದ್ದು ನೀರನ್ನು ಪರೀಕ್ಷಿಸಿ, ಕಸದ ವಿಲೇವಾರಿಯನ್ನು ನೋಡಿದ ಮೇಲೆ. ತೀರಕ್ಕೆ ಒದಗುವ ಈ ಪರೀಕ್ಷೆ ತೀರದ ಮೇಲಿನ ವಸತಿಗೃಹಕ್ಕೆ ಏಕೆ ಒದಗಬಾರದು? ಪರಿಸರಸ್ನೇಹಿಯೆಂದು ಫಲಕ ತೂಗಹಾಕುವ ಪ್ರತಿಯೊಂದು ರಿಸಾರ್ಟೂ ತಿಂಗಳಿಗೆ ಎಷ್ಟು ನೀರು ಎತ್ತಿತು, ಎಷ್ಟು ಕೊಳೆನೀರನ್ನು ಶುದ್ಧಿಮಾಡಿತು, ಎಷ್ಟು ಕಸವನ್ನು ದೋಣಿಯಲ್ಲಿ ಹಿಂದಕ್ಕೆ ಸಾಗಿಸಿತು, ಸುತ್ತಲಿನ ಊರಿನವರಲ್ಲಿ ಎಷ್ಟು ಜನಕ್ಕೆ ಕೆಲಸ ಕೊಟ್ಟಿತು ಎಂಬ ಲೆಕ್ಕವನ್ನು ಬಾಗಿಲಲ್ಲೇ ಪ್ರಕಟಿಸಬೇಕೆಂದು ಸರಕಾರದವರು ವಿಧಿಸತಕ್ಕದ್ದು. ಸುಳ್ಳು ಲೆಕ್ಕಕ್ಕೆ ಪರವಾನಗಿ ರದ್ದಾಗತಕ್ಕದ್ದು. ಪ್ರಾಮಾಣಿಕವಾಗಿ ನಡೆಸುವವರಿಗೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ಅಂತಹವರು ಇಲ್ಲವೆಂಬುದು ನಮ್ಮ ವಾದವಲ್ಲ; ಅವರನ್ನು ಬೇರ್ಪಡಿಸಿ ಗುರುತಿಸುವ ಉಪಾಯ ಈಗ ಗಿರಾಕಿಯ ಕೈಯಲ್ಲಿಲ್ಲ. ಬೆಣ್ಣೆದೋಸೆಯ ಅಂಗಡಿಯಲ್ಲಿ ಒಲೆಯ ಸೌದೆಯನ್ನೂ ಬೆಣ್ಣೆಯ ಬಣ್ಣವನ್ನೂ ಕಣ್ಣಾರೆ ಕಂಡು ಕೂರುವ ದಾವಣಗೆರೆಯವನು, ಸಾವಿರಾರು ರೂಪಾಯಿ ತೆತ್ತು ಹೋಗುವಲ್ಲಿ ಬರಿಯ ಫಲಕವನ್ನು ನಂಬಬೇಕಾಗಿ ಬಂದಿರುವುದು ವಿಚಿತ್ರವಲ್ಲವೆ?

ಇಷ್ಟನ್ನು ಹೇಳಿದ ಮೇಲೆ ನಮ್ಮ ಮನೆಯ ಮಾತನ್ನೂ ಆಡದಿದ್ದರೆ ನ್ಯಾಯವಾಗದು. ದ್ವೀಪದ ಬಚ್ಚಲ ನೀರನ್ನು ಕುರಿತು ವಿಚಾರಿಸಿದ ನಮ್ಮ ಮಿತ್ರರನ್ನು, ತಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುವುದೆಂದು ನಾವು ಕೇಳಿದೆವು. ಅವರು ನಕ್ಕು ಸುಮ್ಮನಾದರು. 1980ರ ದಶಕದಲ್ಲಿ ಹರಿಹರದ ಸಮೀಪ ತುಂಗಭದ್ರೆಗೆ ಬೀಳುತ್ತಿದ್ದ ಕಾರ್ಖಾನೆಯ ಕೊಳೆನೀರಿನಿಂದ ಮೀನುಗಳು ಸತ್ತು ತೇಲಿದಾಗ ತೀರದ ಹಳ್ಳಿಗರೂ ಸಮಾಜ ಪರಿವರ್ತನ ಸಮುದಾಯದವರೂ ದನಿಯೆತ್ತಿದರು. ಅಂದಿನಿಂದ ಹೊಳೆಯಲ್ಲಿ ಎಷ್ಟೋ ನೀರು ಹರಿದಿದೆ. ಆದರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 351 ಮಲಿನ ನದೀಭಾಗಗಳನ್ನು ಪಟ್ಟಿಮಾಡಿದಾಗ, ಹರಿಹರದಿಂದ ಕೊರ್ಲಹಳ್ಳಿಯವರೆಗಿನ ತುಂಗಭದ್ರೆ ಅದರಲ್ಲಿ ಸೇರಿತ್ತು. ಹರಿಹರೇಶ್ವರನ ದರ್ಶನಕ್ಕೆ ಬಂದವರು ಹೊಳೆಯಲ್ಲಿ ಮುಳುಗಿ ಏಳುತ್ತಾರೆ. ಕೆಳಗಿನ ಊರುಗಳವರು ಆ ನೀರನ್ನೇ ಕುಡಿಯುತ್ತಾರೆ. ರಿಸಾರ್ಟಿನ ಬಾಗಿಲಲ್ಲಿ ಯಾವ ಲೆಕ್ಕವನ್ನು ಬರೆಯಬೇಕೆಂದು ನಾವು ಕೇಳುತ್ತಿರುವೆವೋ ಅದನ್ನೇ ದಾವಣಗೆರೆಯ ಮಹಾನಗರಪಾಲಿಕೆಯೂ ಹರಿಹರದ ನಗರಸಭೆಯೂ ತಮ್ಮ ಕಚೇರಿಯ ಬಾಗಿಲಲ್ಲಿ ಬರೆದು ಹಾಕಲಿ: ದಿನಕ್ಕೆ ಎಷ್ಟು ನೀರು ಎತ್ತಲಾಯಿತು, ಎಷ್ಟು ಶುದ್ಧಿಯಾಗಿ ಹಿಂದಿರುಗಿತು, ಎಷ್ಟು ಹಾಗೆಯೇ ಹರಿದುಹೋಯಿತು. ಆ ಅಂಕಿಗಳು ಹೊರಬಂದ ದಿನ ಈ ವಿಷಯವನ್ನು ಕುರಿತು ನಾವು ಮತ್ತೆ ಬರೆಯುವೆವು.