ಗೆದ್ದರೆ ಒಪ್ಪಿಕೊಳ್ತಾರಾ? ಕಾರ್ಲೈಲ್ ತಂಡ, 1912

ಚೆನ್ನಾಗಿ ಓದು, ಚೆನ್ನಾಗಿ ಆಡು, ಯಾರ ಬಾಯಿಗೂ ಸಿಗಬೇಡ, ಆಮೇಲೆ ಎಲ್ಲರೂ ನಿನ್ನನ್ನ ತಮ್ಮವನು ಅಂತಾರೆ. ಅಮೆರಿಕದಲ್ಲಿ ಬೆಳೆದ ನಿಮಗೆ ಈ ಮಾತು ಹೊಸದೇನಲ್ಲ. ಅಪ್ಪ ಹೇಳಿರ್ತಾರೆ, ಇಲ್ಲಾ ಪಕ್ಕದ ಮನೆ ಅಂಕಲ್ ಹೇಳಿರ್ತಾರೆ. ನಾನೂ ನನ್ನ ಮಕ್ಕಳಿಗೆ ಹೇಳಿದ್ದೇನೆ. ಈ ಮಾತು ಸುಳ್ಳು ಅಂತ ಇವತ್ತು ವಾದ ಮಾಡ್ತೀನಿ. ಸಾಕ್ಷಿಗೆ ಒಂದು ಫುಟ್‌ಬಾಲ್ ತಂಡದ ಒಂದೇ ಒಂದು ಸೀಸನ್ ಸಾಕು.

ಪೆನ್ಸಿಲ್ವೇನಿಯಾದ ಕಾರ್ಲೈಲ್ ಊರಲ್ಲಿ, ಹಳೇ ಸೈನಿಕ ಶಿಬಿರದೊಳಗೆ, 1879ರಲ್ಲಿ ಒಂದು ವಸತಿ ಶಾಲೆ ಶುರುವಾಯಿತು. ತೆರೆದವರು ಸೇನಾಧಿಕಾರಿ ರಿಚರ್ಡ್ ಹೆನ್ರಿ ಪ್ರ್ಯಾಟ್. ಮೂಲನಿವಾಸಿ ಮಕ್ಕಳನ್ನ ಅವರ ಮನೆ, ಜನ, ಭಾಷೆಯಿಂದ ಬಿಡಿಸಿ 'ನಾಗರಿಕ'ರನ್ನಾಗಿ ಮಾಡೋದು ಅದರ ಗುರಿ. ಬಂದ ಮಕ್ಕಳ ಕೂದಲು ಕತ್ತರಿಸುತ್ತಿದ್ದರು, ಹೊಸ ಹೆಸರು ಇಡುತ್ತಿದ್ದರು. ತಾಯ್ನುಡಿ ಆಡಿದರೆ ಶಿಕ್ಷೆ. ಸತ್ತ ಮಕ್ಕಳನ್ನ ಅಲ್ಲೇ ಹೂಳಿದರು. ಸುಮಾರು 180 ಗೋರಿಗಳು ಅಲ್ಲಿದ್ದವು. ಆ ಮಕ್ಕಳ ಅವಶೇಷಗಳನ್ನ ಕುಟುಂಬಗಳಿಗೆ ಒಪ್ಪಿಸುವ ಕೆಲಸವನ್ನ ಸೇನೆ ಶುರು ಮಾಡಿದ್ದು 2017ರಲ್ಲಿ!

ಈ ಶಾಲೆಯ ಫುಟ್‌ಬಾಲ್ ತಂಡ ದೊಡ್ಡ ದೊಡ್ಡ ಕಾಲೇಜುಗಳ ಬೆವರಿಳಿಸಿತ್ತು. ಕೋಚ್ ಪಾಪ್ ವಾರ್ನರ್, ಆಟಗಾರರಲ್ಲಿ ಸ್ಯಾಕ್ ಅಂಡ್ ಫಾಕ್ಸ್ ಜನಾಂಗದ ಜಿಮ್ ಥೋರ್ಪ್. 1911ರಲ್ಲಿ ಹಾರ್ವರ್ಡ್ ವಿರುದ್ಧ 18-15ರಲ್ಲಿ ಗೆದ್ದರು, ಥೋರ್ಪ್ ಒಬ್ಬನೇ ನಾಲ್ಕು ಫೀಲ್ಡ್ ಗೋಲ್ ಹೊಡೆದಿದ್ದ. 1912ರ ಬೇಸಿಗೆಯಲ್ಲಿ ಅದೇ ಥೋರ್ಪ್ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದು ಬಂದ. ಆ ವರ್ಷ ತಂಡ ಆಡಿದ್ದು 14 ಪಂದ್ಯ: 12 ಗೆಲುವು, ಒಂದು ಸೋಲು, ಒಂದು ಡ್ರಾ.

ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ನಲ್ಲಿ ಸೇನಾ ಅಕಾಡೆಮಿಯ ಮೇಲೆ ಆಡಿದ್ದು ಬರೀ ಆಟ ಅಲ್ಲ. ವೂಂಡೆಡ್ ನೀಯಲ್ಲಿ ಅಮೆರಿಕದ ಸೇನೆ ನೂರಾರು ಲಕೋಟ ಜನರನ್ನ ಕೊಂದು ಆಗಿನ್ನೂ 22 ವರ್ಷ. ಆವತ್ತು ಸೇನೆಯ ತಂಡದಲ್ಲಿ ಮುಂದೆ ಅಧ್ಯಕ್ಷರಾದ ಐಸೆನ್‌ಹೋವರ್ ಕೂಡ ಇದ್ದರು. ಕಾರ್ಲೈಲ್ ಹುಡುಗರು 27-6ರಲ್ಲಿ ಗೆದ್ದರು.

ಸಿನಿಮಾ ಆಗಿದ್ದರೆ ಕಥೆ ಇಲ್ಲಿಗೆ ಮುಗಿದು ಚಪ್ಪಾಳೆ ಬೀಳ್ತಿತ್ತು. ಮುಂದೇನಾಯ್ತು, ಕೇಳಿ.

ಎರಡೇ ತಿಂಗಳಲ್ಲಿ, 1913ರ ಜನವರಿಯಲ್ಲಿ, ಥೋರ್ಪ್ ಹಿಂದೆ ಎರಡು ಬೇಸಿಗೆ ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದ ಅನ್ನೋ ಸುದ್ದಿ ಬಂತು. ಆಗ ಎಷ್ಟೋ ಕಾಲೇಜು ಹುಡುಗರು ಸುಳ್ಳು ಹೆಸರಲ್ಲಿ ಹಾಗೆ ಆಡ್ತಿದ್ದರು. ಇವನು ಸ್ವಂತ ಹೆಸರಲ್ಲೇ ಆಡಿದ್ದ. ಆಕ್ಷೇಪಣೆಗಿದ್ದ 30 ದಿನಗಳ ಗಡುವು ಯಾವತ್ತೋ ಮುಗಿದಿತ್ತು, ಆದರೂ ಪದಕ ಕಿತ್ತುಕೊಂಡರು. ಅವನು 1953ರಲ್ಲಿ ತೀರಿಕೊಂಡ. ಆ ಎರಡೂ ಚಿನ್ನಕ್ಕೆ ಅವನೊಬ್ಬನೇ ಒಡೆಯ ಅಂತ ಒಲಿಂಪಿಕ್ ಸಮಿತಿ ಒಪ್ಪಿದ್ದು 2022ರಲ್ಲಿ. ಮೂಲನಿವಾಸಿಗಳೆಲ್ಲರಿಗೂ ನಾಗರಿಕತ್ವ ಸಿಕ್ಕಿದ್ದು 1924ರಲ್ಲಿ, ಸೇನೆಯನ್ನ ಸೋಲಿಸಿ 12 ವರ್ಷ ಆದಮೇಲೆ!

ಹಾಗಾದರೆ ಆ ಗೆಲುವು ಏನನ್ನ ಬದಲಿಸಿತು? ಶಾಲೆಯ ಹೆಸರು ಪತ್ರಿಕೆಗಳಲ್ಲಿ ಮೆರೆಯಿತು, ಟಿಕೆಟ್ ದುಡ್ಡು ಬಂತು, ಆದರೆ ಒಳಗಿನ ಮಕ್ಕಳ ಪಾಡು ಹಾಗೇ ಇತ್ತು. ಅದನ್ನ ಅಲ್ಲಾಡಿಸಿದ್ದು ಗೋಲ್ ಅಲ್ಲ, ಒಂದು ಅರ್ಜಿ. ತಂಡದ ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್ ಮುಂದಾಳತ್ವದಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಸಹಿ ಹಾಕಿ ತನಿಖೆ ಕೇಳಿದರು. 1914ರಲ್ಲಿ ಕಾಂಗ್ರೆಸ್ ಸಮಿತಿ ಶಾಲೆಗೇ ಬಂದು ಸಾಕ್ಷ್ಯ ತೆಗೆದುಕೊಂಡಿತು. ಶಾಲೆಯ ಮುಖ್ಯಸ್ಥ ಹುದ್ದೆ ಕಳೆದುಕೊಂಡ. ವೆಲ್ಚ್ ತನ್ನ ಕೋಚ್ ವಿರುದ್ಧವೂ ಬಾಯಿಬಿಟ್ಟು ಹೇಳಿದ. ಯಾರ ಬಾಯಿಗೂ ಸಿಗಬೇಡ ಅಂತೀವಲ್ಲ, ಅದರ ಪಕ್ಕ ಇದನ್ನಿಟ್ಟು ನೋಡಿ.

ಇನ್ನೊಂದು ಜಗಳ ಬಾಕಿ ಇದೆ, ಅದು ನಮ್ಮವರ ಜೊತೆ. ಕನ್ನಡ ಕೂಟದ ಊಟದ ಸಾಲಲ್ಲಿ ಕಾರ್ಲೈಲ್ ಮಾತು ಬಂದರೆ ಯಾರಾದರೂ ನಿಟ್ಟುಸಿರು ಬಿಡ್ತಾರೆ: "ನಮ್ಮ ಮಕ್ಕಳದ್ದೂ ಅದೇ ಕಥೆ, ಈ ದೇಶ ಭಾಷೆ ನುಂಗಿಬಿಡ್ತು." ಇಲ್ಲ ಸ್ವಾಮಿ, ಅದೇ ಕಥೆ ಅಲ್ಲ. ನಾವು ವೀಸಾ ಕೇಳಿಕೊಂಡು ಬಂದವರು. ನಮ್ಮ ಮಕ್ಕಳ ಕೂದಲು ಯಾರೂ ಕತ್ತರಿಸಲಿಲ್ಲ, ಕನ್ನಡ ಆಡಿದರೆ ಯಾರೂ ಹೊಡೆಯಲಿಲ್ಲ. 'ಇಂಗ್ಲಿಷ್ ಆಕ್ಸೆಂಟ್ ಕೆಡುತ್ತೆ' ಅಂತ ಮನೆಯಲ್ಲಿ ಕನ್ನಡ ನಿಲ್ಲಿಸಿದ್ದು ನಾವೇ. ಮಗು ತಪ್ಪುತಪ್ಪಾಗಿ ಮಾತಾಡಿದಾಗ ನೆಂಟರ ಮುಂದೆ ನಕ್ಕು ಬಾಯಿ ಮುಚ್ಚಿಸಿದ್ದೂ ನಾವೇ. ಕಿತ್ತುಕೊಂಡದ್ದಕ್ಕೂ ಕೈಬಿಟ್ಟದ್ದಕ್ಕೂ ವ್ಯತ್ಯಾಸ ಇದೆ. ಅವರ ದುಃಖವನ್ನ ಸಾಲ ತಂದು ನಮ್ಮ ಸೋಮಾರಿತನಕ್ಕೆ ಹೊದಿಸಬಾರದು.

ಈಗ ಕನ್ನಡ ಕಲಿಯುತ್ತಿರುವ ನಿಮಗೆ ನನ್ನ ಮಾತು ಇಷ್ಟೇ. 'ಹ'ಕಾರ 'ಅ'ಕಾರ ಅದಲುಬದಲಾಗಲಿ, 'ಳ' ಹೊರಳದೇ ಇರಲಿ, ಮಾತಾಡಿ. ಕೈಬಿಟ್ಟದ್ದನ್ನ ಮತ್ತೆ ಎತ್ತಿಕೊಳ್ಳೋಕೆ ಯಾರ ಅಪ್ಪಣೆಯೂ ಬೇಡ. ಮೊದಲು ಚಾಂಪಿಯನ್ ಆಗಿ ತೋರಿಸಬೇಕು ಅಂತಲೂ ಇಲ್ಲ. ಯಾರಾದರೂ ನಕ್ಕರೆ, ಅವರು ತಮ್ಮ ಮಕ್ಕಳ ಜೊತೆ ಇವತ್ತು ಎಷ್ಟು ಹೊತ್ತು ಕನ್ನಡ ಮಾತಾಡಿದರು ಅಂತ ಕೇಳಿ.