ಅನಗತ್ಯ ಮಾಹಿತಿ: ಆಸ್ತಿಯೋ, ಹೊಣೆಯೋ?

ಸರಕಿನ ಮೇಲೆ ಕಣ್ಣಿಡಲು ಬಂದ ತಂತ್ರಜ್ಞಾನವು ಇಂದು ಗ್ರಾಹಕನ ಮೇಲೂ ಕಣ್ಣಿಡತೊಡಗಿದೆ. ರೇಡಿಯೋ ತರಂಗಗಳಿಂದ ಗುರುತು ಹಿಡಿಯುವ ಆರ್‌ಎಫ್‌ಐಡಿ ಪಟ್ಟಿಯೇ ಇದಕ್ಕೆ ನಿದರ್ಶನ. ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಯು ತನ್ನ ನೂರು ಪ್ರಮುಖ ಸರಬರಾಜುದಾರರು 2005ರ ಜನವರಿಯಿಂದ ಪೆಟ್ಟಿಗೆಗಳಿಗೆ ಈ ಪಟ್ಟಿ ಅಂಟಿಸಬೇಕೆಂದು 2003ರಲ್ಲಿ ಸೂಚಿಸಿತ್ತು. ಭಾರತದ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳಲ್ಲಿ 2021ರ ಫೆಬ್ರುವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಕೂಡ ಇದೇ ಜಾತಿಯದು.

ಗ್ರಂಥಾಲಯಗಳೂ ಇದನ್ನು ಬರಮಾಡಿಕೊಂಡವು. ಪುಸ್ತಕ ನೀಡುವ, ಹಿಂಪಡೆಯುವ ಕೆಲಸ ಚುರುಕಾಯಿತು. ಕಪಾಟಿನ ಎಣಿಕೆ ಸುಲಭವಾಯಿತು. ಆದರೆ ಯಾರು ಯಾವ ಪುಸ್ತಕ ಒಯ್ದರು ಎಂಬ ವಿವರ ಗಣಕಜಾಲದಲ್ಲಿ ಉಳಿಯತೊಡಗಿತು. ಅಂತಹ ದಾಖಲೆಗಳನ್ನು ಕೇಳಿ ಪಡೆಯಲು ತನಿಖಾ ಸಂಸ್ಥೆಗೆ ಅಮೆರಿಕದ 2001ರ ಪೇಟ್ರಿಯಟ್ ಕಾಯ್ದೆಯು ಅವಕಾಶ ನೀಡಿದಾಗ, ಅಲ್ಲಿನ ಅನೇಕ ಗ್ರಂಥಪಾಲಕರು ಹಿಡಿದ ಮಾರ್ಗ ಸರಳವಾಗಿತ್ತು: ಪುಸ್ತಕ ಮರಳಿ ಬಂದೊಡನೆ ಓದುಗನಿಗೂ ಅದಕ್ಕೂ ಇದ್ದ ಕೊಂಡಿಯನ್ನು ಅಳಿಸಿಹಾಕುವುದು. ಇಲ್ಲದ ದಾಖಲೆಯನ್ನು ಯಾರೂ ಕೇಳಿ ಪಡೆಯಲಾರರು, ಕದಿಯಲೂ ಆರರು.

ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಈ ನಡೆಯಿಂದ ಕಲಿಯಬೇಕಾದುದಿದೆ. ಇಂದು ಬಿಲ್ಲು ಬರೆಯುವ ಮುನ್ನವೇ ಗ್ರಾಹಕನ ಮೊಬೈಲ್ ಸಂಖ್ಯೆ ಕೇಳುವುದು ವಾಡಿಕೆಯಾಗಿದೆ. ಹಳೆಯ ಗ್ರಾಹಕರಿಗೆ ಹೊಸ ಮಾಲಿನ ಸುದ್ದಿ ಮುಟ್ಟಿಸಲು ಅದು ನೆರವಾಗುತ್ತದೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಹತ್ತು ವರ್ಷಗಳ ಸಂಖ್ಯೆಗಳು, ವಿಳಾಸಗಳು, ಹುಟ್ಟಿದ ದಿನಾಂಕಗಳು ಕಾವಲಿಲ್ಲದ ಒಂದು ಗಣಕಯಂತ್ರದಲ್ಲಿ ಬಿದ್ದಿರುವುದು ವ್ಯಾಪಾರದ ಬುದ್ಧಿವಂತಿಕೆಯಲ್ಲ. ಆಸ್ತಿ-ಜವಾಬ್ದಾರಿ ತಃಖ್ತೆಯಲ್ಲಿ ಅದಕ್ಕೊಂದು ಸ್ಥಾನವಿದ್ದಿದ್ದರೆ ಅದು ಜವಾಬ್ದಾರಿಯ ಕಡೆಗೇ ಸೇರುತ್ತಿತ್ತು.

ಕಾನೂನೂ ಈ ದಿಕ್ಕಿನಲ್ಲೇ ಸಾಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನಿನ ಅಗತ್ಯವಿಲ್ಲದಿದ್ದಲ್ಲಿ, ವೈಯಕ್ತಿಕ ವಿವರಗಳನ್ನು ಅಳಿಸಬೇಕೆನ್ನುತ್ತದೆ. ಸೂಕ್ತ ರಕ್ಷಣೆಯಿಲ್ಲದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಕರ್ತವ್ಯಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೊಳ್ಳುವಂತೆ ನಿಗದಿಯಾಗಿವೆ.

ಹಾಗೆಂದು ಎಲ್ಲವನ್ನೂ ಅಳಿಸುವಂತಿಲ್ಲ. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳು ಕಾಯ್ದಿಡಲೇಬೇಕು. ಉಳಿದುದಕ್ಕೆ ಮೂರು ಪ್ರಶ್ನೆಗಳು ಸಾಕು: ಈ ವಿವರವನ್ನು ಏಕೆ ಪಡೆಯಲಾಗಿದೆ? ಎಲ್ಲಿಯವರೆಗೆ ಬೇಕು? ಯಾರ ಕೈಗೆ ಸಿಗುತ್ತಿದೆ? ಉತ್ತರವಿಲ್ಲದ ವಿವರವನ್ನು ಅಳಿಸುವುದೇ ಲೇಸು. ವರ್ಷಾಂತ್ಯದಲ್ಲಿ ದಾಸ್ತಾನಿನ ಲೆಕ್ಕ ಹಾಕುವಂತೆ ಮಾಹಿತಿಯ ಲೆಕ್ಕವನ್ನೂ ಹಾಕುವ ಪದ್ಧತಿ ಬರಲಿ. ಗ್ರಾಹಕನು ಅಂಗಡಿಗೆ ಮರಳಿ ಬರುವುದು ನಂಬಿಕೆಯಿಂದಲೇ ಹೊರತು ಅವನ ಮೊಬೈಲ್ ಸಂಖ್ಯೆ ಕೈಯಲ್ಲಿರುವುದರಿಂದಲ್ಲ.