ಕಪ್ ಇಲ್ಲ ಅಂದ್ರೆ ಫೇಲಾ? ಸೌತ್‌ಗೇಟ್ ಲೆಕ್ಕ ಸರಿಯಾಗಿ ಹಾಕೋಣ

1/6
ಗ್ಯಾರೆತ್ ಸೌತ್‌ಗೇಟ್ ಹೆಸರು ಬಂದ್ರೆ ಸಾಕು, ನಿಮ್ಮಲ್ಲಿ ಅರ್ಧ ಜನ ಒಂದೇ ಮಾತು ಹೇಳ್ತೀರಿ: "ಎಂಟು ವರ್ಷ ಇದ್ದ, ಏನ್ ಗೆದ್ದ?" ನಿಜ. 2016ರಿಂದ 2024ರವರೆಗೆ 102 ಪಂದ್ಯ, ನಾಲ್ಕು ದೊಡ್ಡ ಟೂರ್ನಿ, ಕಪ್ ಸೊನ್ನೆ. ಆದ್ರೆ ಕೋಚ್‌ಗೆ ಮಾರ್ಕ್ಸ್ ಹಾಕೋದು ಕೊನೇ ಪುಟ ಮಾತ್ರ ನೋಡಿ ಅಲ್ಲ.

2/6
ಮೊದಲು ಕೇಳಿ: ಕೈಗೆ ಸಿಕ್ಕಿದ ತಂಡ ಎಂಥದ್ದು? 2016ರ ಯೂರೋದಲ್ಲಿ ಇಂಗ್ಲೆಂಡ್ ಪುಟ್ಟ ಐಸ್‌ಲ್ಯಾಂಡ್‌ಗೆ 2-1 ಸೋತಿತ್ತು. ಆಮೇಲೆ ಬಂದ ಮ್ಯಾನೇಜರ್ ಒಂದೇ ಪಂದ್ಯಕ್ಕೆ ಹೊರಟುಹೋದ. 1966ರ ವಿಶ್ವಕಪ್ ಗೆದ್ದ ಮೇಲೆ 2016ರವರೆಗೆ, ವಿಶ್ವಕಪ್ ಮತ್ತು ಯೂರೋ ಮುಖ್ಯ ಟೂರ್ನಿಗಳಲ್ಲಿ ಇಂಗ್ಲೆಂಡ್ ಗೆದ್ದ ನಾಕೌಟ್ ಪಂದ್ಯ ಆರೇ ಆರು (ಮೂರನೇ ಸ್ಥಾನದ ಪಂದ್ಯ ಬಿಟ್ಟು). 50 ವರ್ಷಕ್ಕೆ ಆರು! ಸೌತ್‌ಗೇಟ್ ನಾಲ್ಕೇ ಟೂರ್ನಿಯಲ್ಲಿ ಒಂಬತ್ತು ಗೆದ್ದ. ಎರಡೂ ಲೆಕ್ಕದಲ್ಲಿ ಪೆನಾಲ್ಟಿ ಗೆಲುವು ಸೇರಿದೆ.

3/6
2018 ವಿಶ್ವಕಪ್: ಸೆಮಿಫೈನಲ್.
2021ರಲ್ಲಿ ನಡೆದ ಯೂರೋ 2020: ಫೈನಲ್.
2022 ವಿಶ್ವಕಪ್: ಕ್ವಾರ್ಟರ್‌ಫೈನಲ್.
ಯೂರೋ 2024: ಮತ್ತೆ ಫೈನಲ್.
ಅದೃಷ್ಟ ಒಂದು ಸಲ ಕೈಹಿಡಿಯಬಹುದು. ಹೀಗೆ ಪದೇ ಪದೇ ಅಲ್ಲ.

4/6
ಹಾಗಂತ ಸುಮ್ನೆ ಬಿಡೋಕಾಗಲ್ಲ. ಅವನ ನಿಜವಾದ ವೀಕ್ನೆಸ್ ಇಲ್ಲಿದೆ. ಕ್ರೊಯೇಷಿಯಾ ವಿರುದ್ಧ 5ನೇ ನಿಮಿಷಕ್ಕೇ ಟ್ರಿಪ್ಪಿಯರ್ ಗೋಲ್. ಇಟಲಿ ವಿರುದ್ಧ 2ನೇ ನಿಮಿಷಕ್ಕೇ ಲೂಕ್ ಶಾ ಗೋಲ್. ಎರಡೂ ಸಲ ಮುಂದಿದ್ದವರು ಹಿಂದೆ ಸರಿದು ಕೂತ್ರು, ಮಧ್ಯದ ಮೈದಾನ ಎದುರಾಳಿಗೆ ಬಿಟ್ಟುಕೊಟ್ರು, ಎರಡೂ ಸೋತ್ರು. ಇಟಲಿ ಸಮ ಮಾಡಿದ್ದು 67ನೇ ನಿಮಿಷ. ಇಂಗ್ಲೆಂಡ್‌ನ ಮೊದಲ ಬದಲಿ ಆಟಗಾರ ಬಂದಿದ್ದು ಅದಾದ ಮೇಲೆ! ಬೆಂಕಿ ಬಿದ್ದ ಮೇಲೆ ಬಾವಿ ತೋಡೋದು ಅಂದ್ರೆ ಇದೇ. ಟೀಕೆ ಮಾಡೋದಾದ್ರೆ ಇದನ್ನ ಮಾಡಿ, "ಕಪ್ ಎಲ್ಲಿ" ಅಂತ ಅಲ್ಲ.

5/6
ಯಾಕೆ ಅಂದ್ರೆ ಕಪ್ಪು ಕೆಲವೊಮ್ಮೆ ಒಂದೇ ಕ್ಷಣದಲ್ಲಿ ಕೈ ತಪ್ಪುತ್ತೆ. ಯೂರೋ 2024 ಫೈನಲ್ ಕೊನೇ ನಿಮಿಷಗಳು ನೆನಪಿದ್ಯಾ? ಸ್ಪೇನ್ 2-1 ಮುಂದಿತ್ತು. ಗೆಹಿ ಹೆಡ್ ಮಾಡಿದ ಚೆಂಡನ್ನ ಡಾನಿ ಓಲ್ಮೊ ಗೋಲ್ ಗೆರೆ ಮೇಲೆ ನಿಂತು ತಲೆಯಿಂದಲೇ ಹೊರಗೆ ಹಾಕಿದ. ಅದಕ್ಕೆ ಎರಡು ವಾರ ಮುಂಚೆ ಬಾರ್ಬಡೋಸ್‌ನಲ್ಲಿ, ಟಿ20 ವಿಶ್ವಕಪ್ ಫೈನಲ್‌ನ ಕೊನೇ ಓವರ್‌ನಲ್ಲಿ ಸೂರ್ಯಕುಮಾರ್ ಬೌಂಡರಿ ಗೆರೆ ಹತ್ರ ಹಿಡಿದ ಕ್ಯಾಚ್ ನೆನಪು ಮಾಡ್ಕೊಳ್ಳಿ. ಆ ಕ್ಯಾಚ್ ಬಿಟ್ಟಿದ್ರೆ ನಮ್ಮ ದ್ರಾವಿಡ್ ಕೋಚ್ ಆಗಿ ಫೇಲ್ ಅಂತಿದ್ರಾ? ಅವರು ಮಾಡಿದ ಕೆಲಸ ಅಷ್ಟೇ ಇರ್ತಿತ್ತು ಅಲ್ವಾ.

6/6
ಇನ್ನೊಂದು ವಿಷಯ ಸ್ಕೋರ್‌ಬೋರ್ಡ್‌ನಲ್ಲಿ ಕಾಣಲ್ಲ. ಇಟಲಿ ಫೈನಲ್‌ನಲ್ಲಿ ಕೊನೇ ಪೆನಾಲ್ಟಿ 19ರ ಹುಡುಗ ಸಾಕಾಗೆ ಕೊಟ್ಟಿದ್ದು ಸೌತ್‌ಗೇಟ್. ಮಿಸ್ ಆಯ್ತು. ಆ ಹುಡುಗನಿಗೆ ಜನಾಂಗೀಯ ಬೈಗುಳದ ಸುರಿಮಳೆ. ಸೌತ್‌ಗೇಟ್ ಹುಡುಗನ ಕಡೆ ಬೆರಳು ತೋರಿಸಲಿಲ್ಲ, ಆ ನಿರ್ಧಾರ ನನ್ನದು ಅಂದ. 1996ರ ಯೂರೋ ಸೆಮಿಫೈನಲ್‌ನಲ್ಲಿ ತಾನೇ ಪೆನಾಲ್ಟಿ ಮಿಸ್ ಮಾಡಿದವನು, ಆ ನೋವು ಗೊತ್ತಿತ್ತು. 2024ರಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಅದೇ ಸಾಕಾ ಮತ್ತೆ ಪೆನಾಲ್ಟಿಗೆ ಬಂದ, ಹೊಡೆದ. ಐದಕ್ಕೆ ಐದೂ ಗೋಲ್.

ನನ್ನ ರಿಸಲ್ಟ್: ಡಿಸ್ಟಿಂಕ್ಷನ್ ಅಲ್ಲ, ಆದ್ರೆ ಫಸ್ಟ್ ಕ್ಲಾಸ್ ಪಾಸ್. ನಿಮ್ಮದೆಷ್ಟು? ಮಾರ್ಕ್ಸ್ ಜೊತೆ ಕಾರಣಾನೂ ಬರೀರಿ, ಬರೀ "ಕಪ್ ಇಲ್ಲ" ಅಂದ್ರೆ ಉತ್ತರ ಕೊಡಲ್ಲ 😄⚽